ಸ್ಪ್ರಿಂಗಿಗೆ ಹೆದರಲು ಕಲಿಸಿದ ಟ್ರೆಂಬಾತ್ ಅವರು

ದಕ್ಷಿಣ ಆಸ್ಟ್ರೇಲಿಯಾದ ನಮ್ಮ ಯಾರ್ಕ್ ಸೀಮೆಯಲ್ಲಿ ಕಳೆದ ಮೂವತ್ನಾಲ್ಕು ವರ್ಷಗಳಲ್ಲಿ ವಾಹನ ದುರಸ್ತಿಯ ವಿದ್ಯೆಯನ್ನು ಕಲಿತು ಅನ್ನ ಸಂಪಾದಿಸಿದವರ ಪೈಕಿ ಶ್ರೀ ಡೆನ್ಜಿಲ್ ಟ್ರೆಂಬಾತ್ ಅವರಿಂದ ಒಂದು ದಿನವಾದರೂ ಬೈಸಿಕೊಳ್ಳದವರು ಸಿಗುವುದು ಕಷ್ಟ. ಎಂಜಿನ್ನಿನ ವಿಷಯದಲ್ಲಿ ಅವರಿಗಿಂತ ಬಲ್ಲವರು ಇರಬಹುದು. ವಿದ್ಯುತ್ ಸಂಪರ್ಕಗಳ ವಿಷಯದಲ್ಲಂತೂ ಇದ್ದಾರೆ, ಅದನ್ನು ಅವರೇ ಒಪ್ಪುತ್ತಾರೆ. ಆದರೆ ಕಾರಿನ ಭಾರವನ್ನು ಹೊರುವ ಭಾಗಗಳನ್ನು, ಅಂದರೆ ಚಕ್ರದ ಮೇಲೆ ಕಣ್ಣಿಗೆ ಬೀಳದೆ ಕೂತಿರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಅವುಗಳ ರಬ್ಬರು, ನಟ್ಟು, ಬೋಲ್ಟುಗಳನ್ನು ಬಿಚ್ಚಿ ಮತ್ತೆ ಕೂರಿಸುವ ಕೆಲಸದಲ್ಲಿ ಅವರ ಸಮಕ್ಕೆ ನಿಲ್ಲುವ ಅಧ್ಯಾಪಕರನ್ನು ಕಡೀನಾದ ನಮ್ಮ ತಾಂತ್ರಿಕ ಶಾಲೆ ಕಂಡಿಲ್ಲ. ಇನ್ನು ಮುಂದೆ ಕಾಣುತ್ತದೆಂಬ ನಂಬಿಕೆಯೂ ನನಗಿಲ್ಲ.

ಅವರ ನಿವೃತ್ತಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರು ನನ್ನಿಂದ ಎರಡು ಪುಟ ಕೇಳಿದ್ದಾರೆ. ನಾನು ಅಧ್ಯಾಪಕಿಯಲ್ಲ, ಅವರ ಶಿಷ್ಯೆಯೂ ಅಲ್ಲ. ಇಪ್ಪತ್ತೆರಡು ವರ್ಷಗಳಿಂದ ಶಾಲೆಯ ಸಲಕರಣೆ ಉಗ್ರಾಣದ ಕಿಟಕಿಯ ಹಿಂದೆ ನಿಂತು, ಕೇಳಿದವರಿಗೆ ಸ್ಪ್ಯಾನರು ಕೊಟ್ಟು ಸಂಜೆ ವಾಪಸು ಇಸಿದುಕೊಳ್ಳುವವಳು. ಕಿಟಕಿಯ ಹಿಂದೆ ನಿಂತವರಿಗೆ ಎಲ್ಲರೂ ಕಾಣುತ್ತಾರೆ, ಅವರು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಟ್ರೆಂಬಾತ್ ಅವರ ಬಗ್ಗೆ ಬರೆಯುವ ಅರ್ಹತೆ ನನಗೆ ಉಳಿದವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇದೆ ಎಂದು ಭಾವಿಸಿ, ಎರಡು ಪುಟದ ಕಟ್ಟಳೆಯನ್ನು ಮೀರುವ ಉದ್ದೇಶದಿಂದಲೇ ಕುಳಿತಿದ್ದೇನೆ.

ಅವರು ಸೇವೆಗೆ ಸೇರಿ ಹನ್ನೆರಡು ವರ್ಷವಾದ ಮೇಲೆ ನಾನು ಬಂದೆ. ಆ ಹೊತ್ತಿಗಾಗಲೇ ವಿದ್ಯಾರ್ಥಿಗಳು ಅವರಿಗೆ 'ಅಜ್ಜಿ' ಎಂದು ಹೆಸರಿಟ್ಟಿದ್ದರು. ಆರಡಿ ಎತ್ತರದ, ಗಣಿಗಾರರ ವಂಶದ, ಕೋಣನಂಥ ಭುಜದ ಮನುಷ್ಯನಿಗೆ ಅಜ್ಜಿ ಎಂಬ ಹೆಸರು ಏಕೆ ಬಂತೆಂದು ಮೊದಲ ವಾರದಲ್ಲೇ ಗೊತ್ತಾಯಿತು. ದಿನದ ಪಾಠ ಮುಗಿದ ಮೇಲೆ ಅವರು ಕಾರ್ಯಾಗಾರದ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಪ್ರತಿಯೊಬ್ಬನೂ ಎರಡೂ ಕೈ ಚಾಚಿ ಬೆರಳು ಬಿಡಿಸಿ ತೋರಿಸಬೇಕು. ಹತ್ತೂ ಇದ್ದರೆ ಹೊರಗೆ ಹೋಗಬಹುದು. ಗಡ್ಡ ಬಂದ ಗಂಡಸರು ಊಟಕ್ಕೆ ಮುಂಚೆ ಕೈ ತೋರಿಸುವ ಮಕ್ಕಳ ಹಾಗೆ ಸಾಲು ನಿಲ್ಲುವುದನ್ನು ನೋಡಿ ನಾನು ನಕ್ಕಿದ್ದೆ. ಅವರು ಮಾತ್ರ ನಗುತ್ತಿರಲಿಲ್ಲ.

ಅವರ ಉಪಕಾರಗಳನ್ನು ಬರೆಯಲು ಹೊರಟರೆ ಅವರೇ ಜಗಳಕ್ಕೆ ಬರುತ್ತಾರೆ. ಆದರೂ ಒಂದನ್ನು ಹೇಳದೆ ಬಿಡಲಾರೆ. ಓದಲು ಬಾರದ ಒಬ್ಬ ವಿದ್ಯಾರ್ಥಿ ಎರಡು ವರ್ಷ ಅದನ್ನು ಮುಚ್ಚಿಟ್ಟುಕೊಂಡು, ಪರೀಕ್ಷೆಯ ದಿನವೆಲ್ಲ ಹೊಟ್ಟೆನೋವೆಂದು ಮನೆಯಲ್ಲಿ ಮಲಗುತ್ತಿದ್ದ. ಟ್ರೆಂಬಾತ್ ಅವರು ಅವನನ್ನು ಒಂದು ಮಾತೂ ಕೇಳಲಿಲ್ಲ. ಪ್ರತಿ ಬುಧವಾರ ಮಧ್ಯಾಹ್ನ ಅವನನ್ನು ಉಗ್ರಾಣಕ್ಕೆ ನನ್ನ ಬಳಿ ಕರೆತಂದು, 'ಮೆರಿನ್‌ಗೆ ಚೀಟಿ ಅಂಟಿಸೋದಕ್ಕೆ ಸಹಾಯ ಮಾಡು' ಎಂದು ಬಿಟ್ಟು ಹೋಗುತ್ತಿದ್ದರು. ಡಬ್ಬಿಗಳಿಗೆ ಹೆಸರಿನ ಚೀಟಿ ಅಂಟಿಸುತ್ತ ಅಂಟಿಸುತ್ತ ಅವನು ಒಂದು ವರ್ಷದಲ್ಲಿ ಓದಲು ಕಲಿತ. ಅವನಿಗೀಗ ಸ್ವಂತ ಗ್ಯಾರೇಜು ಇದೆ. ಹೆಸರು ಬರೆಯುವುದಿಲ್ಲ, ಏಕೆಂದರೆ ಅವನು ಈ ಗ್ರಂಥವನ್ನು ಓದುತ್ತಾನೆ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಇದನ್ನು ಹನ್ನೊಂದು ವರ್ಷ ಬಚ್ಚಿಟ್ಟಿದ್ದೆ.

ಹಳೆಯ ಸ್ಪ್ರಿಂಗನ್ನು ಶಾಕ್ ಅಬ್ಸಾರ್ಬರಿನಿಂದ ಬಿಡಿಸಬೇಕಾದರೆ ಮೊದಲು ಅದನ್ನು ಅದುಮಿ ಗಿಡ್ಡ ಮಾಡಬೇಕು. ಅದಕ್ಕೆ ಎರಡು ಉದ್ದನೆಯ ತಿರುಪುಗಳಿವೆ. ಒಂದೊಂದರ ಎರಡು ತುದಿಗೂ ಕೊಕ್ಕೆ. ಸ್ಪ್ರಿಂಗಿನ ಆಚೆಗೊಂದು ಈಚೆಗೊಂದು ಎದುರುಬದುರಾಗಿ ಹಾಕಿ, ಇದನ್ನಷ್ಟು ಅದನ್ನಷ್ಟು ಕೈಯಿಂದ ತಿರುಗಿಸುತ್ತ ಹೋದರೆ ಸ್ಪ್ರಿಂಗು ಕುಗ್ಗುತ್ತದೆ. ನಮ್ಮಲ್ಲಿ ಇದಕ್ಕೆ ಕೊಕ್ಕೆಜೋಡಿ ಎನ್ನುತ್ತಿದ್ದೆವು. ಕುಗ್ಗಿದ ಸ್ಪ್ರಿಂಗಿನೊಳಗೆ ಒಬ್ಬ ಮನುಷ್ಯನ ದವಡೆಯನ್ನು ಕಿತ್ತೊಯ್ಯುವಷ್ಟು ಬಲ ಇರುತ್ತದೆ. ಶುಕ್ರವಾರ ಸಂಜೆ ಸಿಬ್ಬಂದಿಯವರು ಮನೆಗೆಲಸಕ್ಕಾಗಿ ಸಲಕರಣೆಗಳನ್ನು ಒಯ್ಯುವುದು ನಮ್ಮ ಶಾಲೆಯ ಹಳೆಯ ರೂಢಿ. ಏನನ್ನಾದರೂ ಒಯ್ಯಬಹುದಿತ್ತು, ಕೊಕ್ಕೆಜೋಡಿಯೊಂದನ್ನು ಬಿಟ್ಟು. ಅದು ಬೇಕಾದವರು ಉಗ್ರಾಣದ ಕಟ್ಟೆಯ ಮೇಲಿದ್ದ ಹಳೆಯ ಸ್ಪ್ರಿಂಗಿಗೆ ಅದನ್ನು ಟ್ರೆಂಬಾತ್ ಅವರ ಎದುರು ಹಾಕಿ ತೋರಿಸಿ, ಅವರ ಸಹಿ ಇರುವ ಕಾರ್ಡು ಪಡೆಯಬೇಕಿತ್ತು. ಪ್ರಿನ್ಸಿಪಾಲರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಒಮ್ಮೆ ಒಬ್ಬ ಪ್ರಿನ್ಸಿಪಾಲರು ನನ್ನ ಮೇಲೆ ರೇಗಿ, ಕಾರ್ಡಿಲ್ಲದೆ ಬರಿಗೈಯಲ್ಲಿ ಹೋದದ್ದುಂಟು. ಆ ನಿಯಮವನ್ನು ನಾನು ಹನ್ನೊಂದು ವರ್ಷ ಚಾಚೂ ತಪ್ಪದೆ ಕಾದೆ. ಹನ್ನೊಂದನೆಯ ವರ್ಷದ ನವೆಂಬರಿನಲ್ಲಿ ನಾನೇ ಮುರಿದೆ.

ನನ್ನ ಗಂಡ ಗಾರ್ತ್, ವಾಲರೂ ಎಂಬ ಊರಿನ ಬಂದರಿನ ಗೋಧಿ ಕಣಜದಲ್ಲಿ ಕೆಲಸಕ್ಕಿದ್ದಾನೆ. ಸುಗ್ಗಿಯ ಮೊದಲ ವಾರ; ಸೋಮವಾರದಿಂದ ಅವನ ಪಾಳಿ. ನಾವಿರುವುದು ಪಾಸ್ಕ್‌ವಿಲ್‌ನಲ್ಲಿ, ಅಲ್ಲಿಂದ ಬಂದರಿಗೆ ಬಸ್ಸಿಲ್ಲ. ಗುರುವಾರ ಪೊಲೀಸಿನವರು ನಮ್ಮ ಕಾರನ್ನು ತಡೆದು, ಮುಂದಿನ ಸ್ಪ್ರಿಂಗುಗಳು ಕುಸಿದು ಟೈರು ಒಳಗೆ ಉಜ್ಜುತ್ತಿದೆಯೆಂದು ಗಾಜಿಗೆ ದೋಷದ ಚೀಟಿ ಅಂಟಿಸಿದರು. ರಿಪೇರಿಯಾಗಿ ತಪಾಸಣೆ ಮುಗಿಯುವ ತನಕ ಕಾರನ್ನು ರಸ್ತೆಗಿಳಿಸುವ ಹಾಗಿಲ್ಲ. ಗ್ಯಾರೇಜಿನವರೆಲ್ಲ ರೈತರ ಲಾರಿಗಳಲ್ಲಿ ಮುಳುಗಿದ್ದರು. ಎರಡು ವಾರ ಕಾಯಿರಿ ಎಂದರು. ಗಾರ್ತ್ ಒಂದು ಜೊತೆ ಹೊಸ ಸ್ಪ್ರಿಂಗು ತರಿಸಿದ. 'ನಾನೇ ಹಾಕ್ತೀನಿ, ಆ ಕೊಕ್ಕೆ ಒಂದು ತಂದುಕೊಡು' ಎಂದ.

'ಡೆನ್ಜಿಲ್ ಹತ್ರ ಕಾರ್ಡ್ ತಗೋಬೇಕು' ಎಂದೆ.

'ನಲವತ್ತಾರು ವರ್ಷ ವಯಸ್ಸು ನನಗೆ. ಹೋಗಿ ಅಜ್ಜಿ ಮುಂದೆ ಕೈಕಟ್ಟಿ ನಿಲ್ಲಬೇಕಾ? ಬೀಗದ ಕೈ ನಿನ್ ಹತ್ರಾನೇ ಇದೆಯಲ್ಲ ಮಹಾರಾಯ್ತಿ!'

ಬೀಗದ ಕೈ ನನ್ನ ಹತ್ತಿರವೇ ಇತ್ತು, ಅದೇ ಅನಾಹುತವಾಯಿತು. ಶುಕ್ರವಾರ ಸಂಜೆ ಟ್ರೆಂಬಾತ್ ಅವರು ಹೊರಟ ಮೇಲೆ ಕೊಕ್ಕೆಜೋಡಿಯನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ನನ್ನ ಉಗ್ರಾಣದಲ್ಲಿ ನಾನೇ ಕದ್ದೆ. ಇದನ್ನು ಓದುತ್ತಿರುವ ಈಗಿನ ಪ್ರಿನ್ಸಿಪಾಲರು ಶಿಸ್ತುಕ್ರಮ ಕೈಗೊಳ್ಳಬಯಸಿದರೆ ನನ್ನ ಅಭ್ಯಂತರವಿಲ್ಲ. ನನಗೂ ನಿವೃತ್ತಿಗೆ ಇನ್ನು ಎರಡೇ ವರ್ಷ ಬಾಕಿ.

ಶನಿವಾರ ಮಧ್ಯಾಹ್ನದವರೆಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಗಾರ್ತ್ ಕಾರನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರ ಕಳಚಿ, ಸ್ಪ್ರಿಂಗಿನ ಸಮೇತ ಶಾಕ್ ಅಬ್ಸಾರ್ಬರನ್ನು ಹೊರಗೆ ತೆಗೆದ. ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಅದನ್ನು ಮೊಳಕಾಲುಗಳ ನಡುವೆ ಇಟ್ಟುಕೊಂಡು ಕೊಕ್ಕೆ ಹಾಕಿದ. ನಾಲ್ಕು ಸುತ್ತು ಕೈಯಿಂದ ತಿರುಗಿಸಿದ್ದಷ್ಟೇ. ಅವನಿಗೆ ಬೇಸರ ಬಂತು. ನಟ್ಟು ತಿರುಗಿಸುವ ಬ್ಯಾಟರಿ ಗನ್ನು ತಂದು ಟರ್ರನೆ ತಿರುಗಿಸಿದ. ಆ ರಭಸಕ್ಕೆ ಎದುರುಬದುರಾಗಿದ್ದ ಕೊಕ್ಕೆಗಳು ಸುರುಳಿಯ ಮೇಲೆ ಜಾರಿ ಒಂದೇ ಪಕ್ಕಕ್ಕೆ ಬಂದವು. ಸ್ಪ್ರಿಂಗು ಬಾಳೆಹಣ್ಣಿನ ಹಾಗೆ ಬಾಗಿತು. ಅದನ್ನು ಗಮನಿಸದೆ ಅವನು ಮೇಲಿನ ನಟ್ಟು ಬಿಚ್ಚಿಬಿಟ್ಟ. ಅಲ್ಲಿಗೆ, ಸ್ಪ್ರಿಂಗನ್ನು ಹಿಡಿದಿಟ್ಟಿದ್ದುದು ಸೊಟ್ಟಗಿದ್ದ ಆ ಎರಡು ಕೊಕ್ಕೆಗಳು ಮಾತ್ರ. ಅದರಲ್ಲಿ ಒಂದರ ತಿರುಪು ಗನ್ನಿನ ಬಿಸಿಗೆ ಕಚ್ಚಿಕೊಂಡು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಅದರ ಕೊಕ್ಕೆ ಸುರುಳಿಯ ಅಂಚಿನಲ್ಲಿ ಉಗುರಿನಷ್ಟು ಮಾತ್ರ ನಿಂತಿತ್ತು. ಸ್ಪ್ರಿಂಗಿನ ಬಾಯಿ ಗಾರ್ತ್‌ನ ಗದ್ದಕ್ಕೆ ನೇರವಾಗಿತ್ತು.

ನಾನು ಚಹಾ ಹಿಡಿದು ಹೊರಗೆ ಬಂದಾಗ ಅವನು ಎಡಗೈಯಿಂದ ಆ ಕೊಕ್ಕೆಯನ್ನು ಒತ್ತಿ ಹಿಡಿದು ಅಲ್ಲಾಡದೆ ಕುಳಿತಿದ್ದ.

'ಮೆರಿನ್, ಅಲ್ಲೇ ನಿಲ್ಲು' ಎಂದ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಮದುವೆಯ ದಿನವೂ ಕೇಳಿರಲಿಲ್ಲ. 'ಹತ್ರ ಬರಬೇಡ. ಕೈ ತೆಗೆದ್ರೆ ಹಾರುತ್ತೆ. ಡೆನ್ಜಿಲ್‌ಗೆ ಫೋನ್ ಮಾಡು.'

ಟ್ರೆಂಬಾತ್ ಅವರು ಶನಿವಾರದ ಮಧ್ಯಾಹ್ನಗಳಲ್ಲಿ ಮೂಂಟಾದ ಹುಲ್ಲಿನಂಗಳದಲ್ಲಿ ಬೋಲ್ಸ್ ಎಂಬ ಚೆಂಡುರುಳಿಸುವ ಆಟ ಆಡುತ್ತಾರೆ, ಆಡುವಾಗ ಫೋನು ಇಟ್ಟುಕೊಳ್ಳುವುದಿಲ್ಲ. ಕ್ಲಬ್ಬಿನ ಫೋನಿಗೆ ಮಾಡಿದೆ. ಎತ್ತಿದವರು, 'ಆಟ ಬಿಸಿಯಾಗಿದೆ ಕಣಮ್ಮ, ಚಹಾ ಹೊತ್ತಿಗೆ ಹೇಳ್ತೀನಿ' ಎಂದರು.

'ಈಗ್ಲೇ ಹೇಳಿ. ಮೆರಿನ್ ಮನೇಲಿ ಸ್ಪ್ರಿಂಗು ಅಂತ ಹೇಳಿ. ಅಷ್ಟು ಸಾಕು.'

ಅಷ್ಟು ಸಾಕಾಯಿತು. ಇಪ್ಪತ್ತೈದು ನಿಮಿಷದಲ್ಲಿ ಅವರ ಪಿಕಪ್ಪು ನಮ್ಮ ಗೇಟಿನ ಮುಂದಿತ್ತು. ಬೋಲ್ಸ್ ಆಟದ ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಟೋಪಿ. ಒಂದು ಕ್ಷಣ ಪಾದ್ರಿಯೇ ಬಂದನೆಂದುಕೊಂಡೆ. ಅವರು ಓಡಿ ಬರಲಿಲ್ಲ. ಗೇಟಿನಲ್ಲೇ ನಿಂತು ಒಂದು ನಿಮಿಷ ನೋಡಿದರು. ಆಮೇಲೆ ಸುತ್ತು ಹಾಕಿ ಗಾರ್ತ್‌ನ ಬೆನ್ನ ಹಿಂದಿನಿಂದ ಬಂದರು.

'ಗಾರ್ತ್, ಉಸಿರಾಡು. ಅದಕ್ಕೇನೂ ಅಡ್ಡಿಯಿಲ್ಲ' ಎಂದರು. 'ಮಾತಾಡಬೇಡ, ತಲೆ ಆಡಿಸಬೇಡ. ನಾನು ಬೈಯೋದನ್ನ ಆಮೇಲೆ ಇಟ್ಕೊಂಡಿದೀನಿ. ಮೆರಿನ್, ಹಾಸಿಗೆ ಒಂದು ತಗೊಂಬಾ.'

ಅತಿಥಿಗಳ ಕೋಣೆಯ ಹಾಸಿಗೆಯನ್ನು ಎಳೆದು ತಂದೆ. ಅದನ್ನು ಮಡಿಸಿ, ಪಕ್ಕದಿಂದ ಒಂದೊಂದೇ ಅಂಗುಲ ತಳ್ಳುತ್ತ ಸ್ಪ್ರಿಂಗಿಗೂ ಗಾರ್ತ್‌ನ ಎದೆ, ಗದ್ದಕ್ಕೂ ನಡುವೆ ತುರುಕಿದರು. ಅಷ್ಟಕ್ಕೇ ನನಗೆ ಅರ್ಧ ಜೀವ ಬಂತು. ಪಿಕಪ್ಪಿನಿಂದ ಸರಪಳಿ ತಂದು ಸ್ಪ್ರಿಂಗಿನ ಸುರುಳಿಗಳ ಒಳಗೆ ಹಾಯಿಸಿ, ಮೂರು ಸುತ್ತು ಸುತ್ತಿ ಬೋಲ್ಟು ಹಾಕಿ ಬಿಗಿದರು. ಇನ್ನು ಹಾರಿದರೂ ದೂರ ಹಾರಲಾರದು. ಮೂರನೆಯದೊಂದು ಕೊಕ್ಕೆಯನ್ನು ಅವರು ಯಾವಾಗಲೂ ಪಿಕಪ್ಪಿನ ಸೀಟಿನ ಕೆಳಗೆ ಇಟ್ಟಿರುತ್ತಿದ್ದರೆಂದು ನನಗೆ ತಿಳಿದದ್ದು ಅಂದೇ. ಸ್ಪ್ರಿಂಗು ಉಬ್ಬಿದ್ದ ಕಡೆ ಅದನ್ನು ಹಾಕಿ, ಕೈ ಸ್ಪ್ಯಾನರಿನಿಂದ ಅರ್ಧ ಸುತ್ತು ತಿರುಗಿಸುವುದು, ನಿಲ್ಲಿಸುವುದು, ಬಗ್ಗಿ ನೋಡುವುದು, ಮತ್ತೆ ಅರ್ಧ ಸುತ್ತು. ಇಡೀ ಹೊತ್ತು ಬಾಯಿ ಮಾತ್ರ ಸುಮ್ಮನಿರಲಿಲ್ಲ.

'ಹನ್ನೊಂದು ಪಾಯಿಂಟು ಹಿಂದೆ ಬಿದ್ದಿದ್ವಿ ಕಣಯ್ಯಾ. ನೀನು ಕರೆಸಿದ್ದೇ ಒಳ್ಳೇದಾಯ್ತು. ಈಗ ಊರಿಗೆಲ್ಲಾ ಡೆನ್ಜಿಲ್ ಇದ್ದಿದ್ರೆ ಗೆಲ್ತಿದ್ವಿ ಅಂತ ಹೇಳ್ಕೋಬಹುದು... ನಗಬೇಡ ಅಂದ್ನಲ್ಲ!'

ಮುಕ್ಕಾಲು ಗಂಟೆ ಹಿಡಿಯಿತು. ಬಾಗಿದ್ದ ಸ್ಪ್ರಿಂಗು ಇಷ್ಟಿಷ್ಟಾಗಿ ನೆಟ್ಟಗಾಯಿತು. ಭಾರವೆಲ್ಲ ಹೊಸ ಕೊಕ್ಕೆಗೂ ಸರಿಯಾಗಿದ್ದ ಇನ್ನೊಂದಕ್ಕೂ ಬಿದ್ದ ಮೇಲೆ, ಗಾರ್ತ್ ಒತ್ತಿ ಹಿಡಿದಿದ್ದ ಕೊಕ್ಕೆ ತಾನಾಗಿ ಸಡಿಲಾಯಿತು.

'ಆಯ್ತು, ಕೈ ತೆಗಿ.'

ಗಾರ್ತ್ ಕೈ ತೆಗೆಯಲಿಲ್ಲ. 'ಬರ್ತಾ ಇಲ್ಲ' ಎಂದ.

ಮರಗಟ್ಟಿದ್ದ ಆ ಬೆರಳುಗಳನ್ನು ಟ್ರೆಂಬಾತ್ ಅವರೇ ಒಂದೊಂದಾಗಿ ಬಿಡಿಸಿದರು. ನಾನು ಗಾರ್ತ್‌ನ ಅಂಗಿ ಹಿಡಿದು ಸ್ಟೂಲಿನ ಸಮೇತ ಹಿಂದಕ್ಕೆಳೆದೆ. ಇಬ್ಬರೂ ಮಗುಚಿ ಬಿದ್ದೆವು. ಆಮೇಲೆ ಅವರು ಸ್ಪ್ರಿಂಗಿನ ಮೇಲೆ ಹಾಸಿಗೆ ಹೊದಿಸಿ, ನಮ್ಮಿಬ್ಬರನ್ನೂ ಬೇಲಿಯಾಚೆ ಕಳಿಸಿ, ಇನ್ನರ್ಧ ಗಂಟೆ ಒಬ್ಬರೇ ಕುಳಿತು ಅದನ್ನು ಬಿಚ್ಚಿದರು. ಕೊನೆಗೆ ಅವರು ಹಾಸಿಗೆ ಸರಿಸಿದಾಗ ಅಲ್ಲಿ ನಿಂತಿದ್ದುದು ಒಂದೂವರೆ ಅಡಿಯ, ತುಕ್ಕು ಹಿಡಿದ, ಬಡಪಾಯಿ ಕಬ್ಬಿಣದ ಸುರುಳಿ. ಮಗು ಎತ್ತಿಕೊಂಡು ಆಡಬಹುದಿತ್ತು. ಗಾರ್ತ್ ನೆಲದ ಮೇಲೆ ಕುಳಿತ. ನಾನು ಮೊದಲು ಅತ್ತೆ. ಆಮೇಲೆ ಗಾರ್ತ್‌ನನ್ನು ಅಭಿನಂದನ ಗ್ರಂಥದಲ್ಲಿ ಅಚ್ಚು ಹಾಕಲಾಗದ ಮಾತುಗಳಲ್ಲಿ ಬೈದೆ. ಬೈದು ಮುಗಿದ ಮೇಲೆ ಜೀವನದಲ್ಲಿ ಎಂದೂ ಆಗದಷ್ಟು ಹಗುರವಾಯಿತು. ಎಂಥ ಹಗುರವೆಂದರೆ, ತಣ್ಣಗಾಗಿದ್ದ ಮಾಂಸದ ಕಡುಬುಗಳನ್ನು ತಂದಿಟ್ಟಾಗ ನಾವು ಮೂವರೂ ಆರು ದಿನ ಉಪವಾಸವಿದ್ದವರ ಹಾಗೆ ತಿಂದೆವು.

ತಿನ್ನುತ್ತಿದ್ದಾಗ ನೋಡಿದೆ, ಟ್ರೆಂಬಾತ್ ಅವರು ಬಿಚ್ಚಿಟ್ಟ ಆ ಸುರುಳಿಗೂ ಬೆನ್ನು ಹಾಕದೆ ಕುಳಿತಿದ್ದರು. ಗಾರ್ತ್ ಕೂಡ ನೋಡಿದ.

'ಡೆನ್ಜಿಲ್, ನಿಮ್ಮ ಕಣ್ಮುಂದೆ ಯಾರಿಗಾದ್ರೂ ಹೀಗೆ ಆಗಿತ್ತಾ? ಅದಕ್ಕೇನಾ ಇಷ್ಟೊಂದು...'

'ಇಲ್ಲ. ಒಬ್ಬರಿಗೂ ಆಗಿಲ್ಲ. ನೋಡೋದಕ್ಕೆ ಇಷ್ಟ ಇಲ್ಲ, ಅದಕ್ಕೇ ಹೆದರ್ತೀನಿ. ಹೆದರೋದಕ್ಕೆ ಯಾರಾದ್ರೂ ಸಾಯಲೇಬೇಕಾ?'

ನಾನು ಕೊಕ್ಕೆಜೋಡಿ ಕದ್ದದ್ದನ್ನು ಹೇಳಿ, ಸೋಮವಾರ ರಾಜೀನಾಮೆ ಕೊಡುತ್ತೇನೆಂದೆ. ಅವರು ಕಡುಬಿನ ಅಂಚನ್ನು ಬಾಯಿಗೆ ಹಾಕಿಕೊಂಡರು.

'ನೀನು ಹೋದ್ರೆ ಯಾರೋ ಹೊಸಬ ಬರ್ತಾನೆ. ಅವನಿಗೆ ಇನ್ನೂ ಹೆದರಿಕೆ ಆಗಿರಲ್ಲ. ನಿನಗೆ ಆಗಿದೆ. ಸುಮ್ನೆ ಕೆಲಸಕ್ಕೆ ಬಾ.'

ಮರುದಿನ ಭಾನುವಾರ ಬೆಳಿಗ್ಗೆ ಅವರು ತಮ್ಮದೇ ಕೊಕ್ಕೆಜೋಡಿಯೊಂದಿಗೆ ಮತ್ತೆ ಬಂದರು. ಕೆಟ್ಟದ್ದು ಒಂದೇ ಪಕ್ಕದ್ದಾದರೂ ಸ್ಪ್ರಿಂಗನ್ನು ಜೋಡಿಯಾಗಿಯೇ ಬದಲಿಸಬೇಕೆಂದು, ಅದರ ತುದಿ ತನ್ನ ಕೆಳಗಿನ ತಟ್ಟೆಯಲ್ಲಿರುವ ಮೆಟ್ಟಿಲಿಗೆ ತಾಗಿ ಕೂರಬೇಕೆಂದು, ಕೆಳಗಿನ ಬೋಲ್ಟುಗಳನ್ನು ಕಾರು ಗಾಳಿಯಲ್ಲಿ ತೂಗುವಾಗ ಕೊನೆಯ ಬಿಗಿ ಬಿಗಿಯದೆ ಚಕ್ರದ ಮೇಲೆ ಭಾರ ಬಿಟ್ಟ ನಂತರವೇ ಬಿಗಿಯಬೇಕೆಂದು, ಇಲ್ಲವಾದರೆ ರಬ್ಬರು ತಿರುಚಿ ಆರು ತಿಂಗಳಲ್ಲಿ ಹರಿಯುತ್ತದೆಂದು ಗಾರ್ತ್‌ಗೆ ತೋರಿಸಿಕೊಟ್ಟರು. ಎಲ್ಲವನ್ನೂ ಅವರೇ ಮಾಡಿದರು. ಗಾರ್ತ್ ನಾಲ್ಕು ಹೆಜ್ಜೆ ದೂರ ನಿಂತು ಸ್ಪ್ಯಾನರು ಎಟುಕಿಸಿದ, ಅಷ್ಟೇ. ಸೋಮವಾರ ಬೆಳಿಗ್ಗೆ ಟೋ ಮಾಡಿಸಿಕೊಂಡು ಹೋಗಿ ತಪಾಸಣೆಯಾಯಿತು, ಚೀಟಿ ಕಿತ್ತರು, ಮಧ್ಯಾಹ್ನದ ಪಾಳಿಗೆ ಗಾರ್ತ್ ನೆಟ್ಟಗೆ ಹೋದ.

ಆ ದಿನದ ಮಾತನ್ನು ಟ್ರೆಂಬಾತ್ ಅವರು ಶಾಲೆಯಲ್ಲಿ ಯಾರ ಬಳಿಯೂ ಎತ್ತಲಿಲ್ಲ, ನನ್ನ ಬಳಿಯೂ ಎತ್ತಲಿಲ್ಲ. ನಾನು ಮಾತ್ರ ಬದಲಾದೆ. ಅಲ್ಲಿಂದೀಚೆಗೆ ಕಾರ್ಡಿಲ್ಲದೆ ನನ್ನ ಕಿಟಕಿಯ ಮುಂದೆ ಬಂದು ವಾದ ಮಾಡಿದ ಒಬ್ಬರೂ ಗೆದ್ದಿಲ್ಲ. ಈ ಗ್ರಂಥದ ಸಂಪಾದಕರಿಗೂ ಇದರ ಅನುಭವವಿದೆ. ಗಾರ್ತ್ ಕೂಡ ಬದಲಾದ. ಕಾರಿನ ಎಣ್ಣೆ ಬದಲಿಸುತ್ತಿದ್ದ, ಬ್ರೇಕು ನೋಡುತ್ತಿದ್ದ, ಆದರೆ ಸ್ಪ್ರಿಂಗಿನ ಗೊಡವೆಗೆ ಮಾತ್ರ ಹನ್ನೊಂದು ವರ್ಷ ಹೋಗಲಿಲ್ಲ. ಅಂಗಡಿಯಲ್ಲಿ ಕಂಡರೂ ಆ ಸಾಲನ್ನು ಬಿಟ್ಟು ಬೇರೆ ಸಾಲಿನಲ್ಲಿ ನಡೆಯುತ್ತಿದ್ದ. ನಾನೂ ಅದನ್ನು ಆಡಿಕೊಳ್ಳಲಿಲ್ಲ.

ಕಳೆದ ತಿಂಗಳು, ನಿವೃತ್ತಿಗೆ ಎರಡು ವಾರವಿರುವಾಗ, ಟ್ರೆಂಬಾತ್ ಅವರು ಶುಕ್ರವಾರ ಸಂಜೆ ನನ್ನ ಕಿಟಕಿಗೆ ಬಂದರು. ಅವರ ಪಿಕಪ್ಪಿನ ಮುಂದಿನ ಸ್ಪ್ರಿಂಗುಗಳು ಸವೆದು ಹೋಗಿದ್ದವು. ತಮ್ಮ ಕೊಕ್ಕೆಜೋಡಿ ಹಳತಾಯಿತೆಂದು ಎಂದೋ ಎಸೆದಿದ್ದರು. ಶಾಲೆಯದನ್ನು ಕೇಳಿದರು.

ನಾನು ಕಟ್ಟೆಯ ಮೇಲಿನ ಸ್ಪ್ರಿಂಗನ್ನು ತೋರಿಸಿದೆ. 'ಹಾಕಿ ತೋರ್ಸಿ' ಎಂದೆ.

'ಭೇಷ್' ಎಂದು ನಕ್ಕು ಶುರು ಮಾಡಿದರು. ಕೊಕ್ಕೆಗಳನ್ನು ಕೂರಿಸಬೇಕಾದಲ್ಲೇ ಕೂರಿಸಿದರು. ಸ್ಪ್ಯಾನರು ತಿರುಗಿಸಲು ಹೋದಾಗ ಸಂಧಿವಾತದಿಂದ ಊದಿದ್ದ ಬೆರಳುಗಳು ಅದನ್ನು ಹಿಡಿದು ನಿಲ್ಲಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಅವರು ಸ್ಪ್ಯಾನರನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು.

'ಇನ್ನು ಆಗಲ್ಲ ಮೆರಿನ್. ಕಾರ್ಡ್ ಕೊಡಬೇಡ ನನಗೆ.' ಕೊಕ್ಕೆಗಳನ್ನು ಬಿಚ್ಚಿ ನನ್ನ ಕಡೆ ಸರಿಸಿ, 'ಗಾರ್ತ್ ಬಿಡುವಾಗಿದಾನಾ?' ಎಂದರು.

ಊರಿನಲ್ಲಿ ಅವರ ಹಳೆಯ ಶಿಷ್ಯರ ಗ್ಯಾರೇಜುಗಳೇ ಆರು ಇವೆ. ಅವರು ಕೇಳಿದ್ದು ಗಾರ್ತ್‌ನನ್ನು. ಮನೆಗೆ ಬಂದು ಹೇಳಿದಾಗ ಗಾರ್ತ್ ಊಟದ ತಟ್ಟೆಯನ್ನು ದೂರ ಸರಿಸಿ, 'ಅವರಿಗೇನು ತಲೆ ಕೆಟ್ಟಿದೆಯಾ?' ಎಂದ. ಆದರೆ ಸೋಮವಾರ ಸಂಜೆ ಪಾಳಿ ಮುಗಿಸಿ, ಮೈಯೆಲ್ಲ ಗೋಧಿಯ ಧೂಳಿನಲ್ಲೇ ನನ್ನ ಕಿಟಕಿಯ ಮುಂದೆ ಬಂದು ನಿಂತ. ಟ್ರೆಂಬಾತ್ ಅವರ ಎದುರು ಕೊಕ್ಕೆ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಮೂರು ಸಂಜೆ ಹಾಗೆಯೇ ನಡೆಯಿತು. ನಾಲ್ಕನೆಯ ಸಂಜೆ ಅವನಿಗೆ ಕಾರ್ಡು ಸಿಕ್ಕಿತು. ಈ ಶಾಲೆಯಲ್ಲಿ ಟ್ರೆಂಬಾತ್ ಅವರು ಹಾಕಿದ ಕೊನೆಯ ಸಹಿ ಅದು.

ಆ ಶನಿವಾರ ನಾನೂ ಜೊತೆಗೆ ಹೋದೆ. ಗಾರ್ತ್ ಅವರ ಶೆಡ್ಡಿನಲ್ಲಿ ಚಾಪೆ ಹಾಸಿ, ಸರಪಳಿ ಬಿಗಿದು, ಸ್ಪ್ರಿಂಗಿನ ಬಾಯಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು, ಕೈ ಸ್ಪ್ಯಾನರಿನಿಂದ ಅರ್ಧ ಸುತ್ತು, ಅರ್ಧ ಸುತ್ತು ತಿರುಗಿಸತೊಡಗಿದ. ಟ್ರೆಂಬಾತ್ ಅವರು ಒಂದು ಕುರ್ಚಿ ತಂದು ಬಾಗಿಲಲ್ಲಿ ಹಾಕಿಕೊಂಡರು. ಮೂವತ್ನಾಲ್ಕು ವರ್ಷ ಸ್ಪ್ರಿಂಗು ಅದುಮುವವರ ಮೇಲಿಂದ ಅವರು ಕಣ್ಣು ತೆಗೆದದ್ದನ್ನು ಕಂಡವರಿಲ್ಲ. ನೆಗಡಿಯಾದಾಗ ಸೀನನ್ನೂ ತಡೆಹಿಡಿಯುತ್ತಿದ್ದರು. ಅಂದು ಅವರು ಕುರ್ಚಿಯನ್ನು ಅಂಗಳದ ಕಡೆಗೆ ತಿರುಗಿಸಿ, ಗಾರ್ತ್‌ಗೆ ಬೆನ್ನು ಹಾಕಿ ಕುಳಿತು, ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು ಬಟಾಣಿ ಸುಲಿದರು. ಎರಡೂ ಸ್ಪ್ರಿಂಗು ಕೂತು, ಪಿಕಪ್ಪು ನೆಲಕ್ಕಿಳಿದು, ಕೊನೆಯ ಬೋಲ್ಟು ಬಿಗಿಯುವ ತನಕ ಒಮ್ಮೆಯೂ ತಿರುಗಿ ನೋಡಲಿಲ್ಲ.

ಶ್ರೀ ಟ್ರೆಂಬಾತ್ ಅವರು ನೂರು ಸುಗ್ಗಿ ಕಾಣಲಿ. ಮನೆಯಲ್ಲೇ ಕಾರು ರಿಪೇರಿ ಮಾಡಿಕೊಳ್ಳುವವರಿಗಾಗಿ ಬುಧವಾರಗಳಂದು ನಡೆಸುವೆನೆಂದಿರುವ ತರಗತಿಗೆ ತಪ್ಪದೆ ಬಂದು ನಮ್ಮನ್ನೆಲ್ಲ ಎಂದಿನಂತೆ ಬೈಯಲಿ. ಉಳಿದ ದಿನಗಳಲ್ಲಿ, ಒಳಗೆ ಯಾರಾದರೂ ಸ್ಪ್ರಿಂಗು ಅದುಮುತ್ತಿರುವಾಗಲೂ, ಅವರು ಹಾಗೆಯೇ ಬೆನ್ನು ತಿರುಗಿಸಿ ಕುಳಿತು ನೆಮ್ಮದಿಯಿಂದ ಬಟಾಣಿ ಸುಲಿಯುತ್ತಿರಲಿ.